‘ಪದಕ್ಕೆ ಒಂದು ರೂಪಾಯಿ’ ಅಂದರೆ ಯಾವ ಪದಕ್ಕೆ?

ಹೋದ ಭಾನುವಾರ ಮಾಟುಂಗಾದಲ್ಲಿ ನಾಲ್ಕು ಜನ ಕಾಫಿಗೆ ಸೇರಿದ್ದೆವು. ಎಲ್ಲರೂ ಮುಂಬೈಯಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರು. ಜಾಹೀರಾತು, ಬ್ಯಾಂಕಿನ ಆ್ಯಪ್, ಸಬ್‌ಟೈಟಲ್, ಸಿಕ್ಕಿದ್ದೆಲ್ಲ ಮಾಡುತ್ತೇವೆ. ಮಾತು ಎಲ್ಲಿಂದ ಶುರುವಾದರೂ ಬಂದು ನಿಂತದ್ದು ಬಾಕಿ ದುಡ್ಡಿನ ಹತ್ತಿರವೇ.

ನಮ್ಮಲ್ಲಿ ಒಬ್ಬಳು ಹೊಸಬಳು. ‘ಪದಕ್ಕೆ 1 ರೂಪಾಯಿಗೆ ಒಪ್ಪಿದ್ದಾರೆ’ ಅಂತ ಖುಷಿಯಿಂದ ಹೇಳಿದಳು. ಯಾವ ಪದಕ್ಕೆ, ಇಂಗ್ಲಿಷ್ ಮೂಲದ್ದಕ್ಕಾ, ಕನ್ನಡ ಅನುವಾದದ್ದಕ್ಕಾ ಅಂತ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಮೊದಲ ಎರಡು ವರ್ಷ ನನಗೂ ಗೊತ್ತಿರಲಿಲ್ಲ.

ಲೆಕ್ಕ ನೋಡಿ. ‘ಐ ವಿಲ್ ನಾಟ್ ಬಿ ಏಬಲ್ ಟು ಕಮ್ ಟುಮಾರೋ’, 8 ಪದ. ಹಿಂದಿಯಲ್ಲಿ ‘ಮೈಂ ಕಲ್ ನಹೀಂ ಆ ಪಾಊಂಗಾ’, 5 ಪದ. ಕನ್ನಡದಲ್ಲಿ ‘ನನಗೆ ನಾಳೆ ಬರಲಾಗುವುದಿಲ್ಲ’. ಮೂರೇ ಪದ, ಮುಗೀತು. ‘ಅಲ್ಲಿ’, ‘ಇಂದ’, ‘ಇಲ್ಲ’ ಎಲ್ಲವನ್ನೂ ನಮ್ಮ ಭಾಷೆ ಪದದ ಬಾಲಕ್ಕೇ ಅಂಟಿಸಿಕೊಳ್ಳುತ್ತದೆ. ಅದು ಕನ್ನಡದ ಸೊಗಸು. ಅನುವಾದದ ಪದ ಎಣಿಸಿ ದುಡ್ಡು ಕೊಡುವವರಿಗೆ ಮಾತ್ರ ಅದು ನಮ್ಮ ಕೂಲಿ ಕತ್ತರಿಸುವ ದಾರಿ. ಓದಿದ್ದು 8 ಪದ, ಯೋಚಿಸಿದ್ದು 8 ಪದಕ್ಕೆ, ಕೈಗೆ ಬರುವುದು 3 ರೂಪಾಯಿ. ಇದು ಅನ್ಯಾಯ ಅಲ್ವಾ?

ಒಂದು ವಿಮೆ ಕೈಪಿಡಿ, 4,200 ಇಂಗ್ಲಿಷ್ ಪದ. ಡೊಂಬಿವಲಿಯ ಮನೆಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟು ಮುಗಿಸಿದೆ. ಕೆಲಸ ಕೊಟ್ಟ ಏಜೆನ್ಸಿಯವರು ಕನ್ನಡದ ಪದ ಎಣಿಸಿ 2,900 ಅಂತ ಲೆಕ್ಕ ಹಾಕಿದರು. ಅದೂ ಬಂದದ್ದು ನಾಲ್ಕು ತಿಂಗಳಾದ ಮೇಲೆ. ‘ಕ್ಲೈಂಟ್ ಇನ್ನೂ ಕೊಟ್ಟಿಲ್ಲ’ ಅನ್ನುತ್ತಲೇ ಇದ್ದರು. ಕ್ಲೈಂಟ್ ಕೊಡುವ ತನಕ ನನ್ನ ಮನೆ ಬಾಡಿಗೆ ಕಾಯುತ್ತದಾ?

ಕಾನೂನು ಇಲ್ಲ ಅಂತಲ್ಲ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಹೆಸರು ನೋಂದಾಯಿಸಬಹುದು. ಆಮೇಲೆ ಸಣ್ಣ ಉದ್ದಿಮೆಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆ ನಮಗೂ ಅನ್ವಯಿಸುತ್ತದೆ. ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರಿಗೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಆದರೆ ದೂರು ಕೊಟ್ಟವರಿಗೆ ಮುಂದಿನ ಕೆಲಸ ಯಾರು ಕೊಡುತ್ತಾರೆ ಅನ್ನೋ ಭಯ ಇದೆಯಲ್ಲ, ಅದೇ ನಮ್ಮನ್ನು ಕಟ್ಟಿಹಾಕಿರುವುದು. ನಾನೂ ಅವತ್ತು ಸುಮ್ನಿದ್ದೆ. ಇವತ್ತಿಗೂ ಅದು ಕೊರೆಯುತ್ತದೆ.

ಅದಕ್ಕೇ ಕೆಲಸ ಮುಗಿದ ಮೇಲೆ ಜಗಳ ಮಾಡುವುದಕ್ಕಿಂತ ಶುರು ಮಾಡುವ ಮುಂಚೆಯೇ ಬರೆಸಿಕೊಳ್ಳಬೇಕು ಅನ್ನುತ್ತೇನೆ. ಆ ಹುಡುಗಿ ಕಾಫಿ ಆರುವಷ್ಟರಲ್ಲಿ ಫೋನಿನಲ್ಲೇ ಮೇಲ್ ಬರೆದಳು. ಎಣಿಕೆ ಇಂಗ್ಲಿಷ್ ಮೂಲದ್ದು. ಹಣ 45 ದಿನದೊಳಗೆ. ಎರಡನೇ ಸಲದ ತಿದ್ದುಪಡಿಗೆ ಬೇರೆ ದರ. ಕಳಿಸುವ ಮುಂಚೆ ನಮ್ಮೆಲ್ಲರ ಮುಖ ಒಂದು ಸಲ ನೋಡಿದಳು.

ಮಂಗಳವಾರ ಉತ್ತರ ಬಂತು. ಮೊದಲೆರಡಕ್ಕೆ ಒಪ್ಪಿದ್ದಾರೆ, ತಿದ್ದುಪಡಿಯ ಮಾತು ಇನ್ನೂ ನಡೆಯುತ್ತಿದೆ. ಆ ಮೇಲ್ ನನ್ನ ಹತ್ತಿರ ಇದೆ, ಬೇಕಿದ್ದವರು ಇನ್‌ಬಾಕ್ಸ್‌ಗೆ ಬನ್ನಿ.