ಕಾಣದಿದ್ದರೆ ಕ್ಷೇಮ

ಹಳ್ಳಿ ರಸ್ತೆಯ ತಿರುವಿನಲ್ಲಿ ರಿಫ್ಲೆಕ್ಟರ್ ಕಂಬ ಯಾಕಿಲ್ಲ ಎಂದು ಇಲಾಖೆಯನ್ನು ದೂರುವವರು ಫಿನ್ಲೆಂಡಿನ ಕಥೆ ಕೇಳಬೇಕು. ಅಲ್ಲಿನ ಸಂಶೋಧಕರು 1990ರ ದಶಕದ ಆರಂಭದಲ್ಲಿ ಅಳೆದು ನೋಡಿದರು. ಇಕ್ಕಟ್ಟಾದ, ಅಂಕುಡೊಂಕಿನ ರಸ್ತೆಗಳ ಅಂಚಿಗೆ ಕಂಬ ನೆಟ್ಟ ಮೇಲೆ ಕತ್ತಲಲ್ಲಿ ವೇಗವೂ ಏರಿತು, ಅಪಘಾತವೂ ಏರಿತು. ದಾರಿ ದೂರದವರೆಗೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಕಂಬವೋ ಅಂಚನ್ನು ತೋರಿಸೀತು, ನಡುವೆ ಮಲಗಿದ ಎಮ್ಮೆಯನ್ನು ತೋರಿಸದು. ಅವರು ಸಾಲು ಸಾಲು ಕಂಬ ನೆಟ್ಟು ಕಲಿತ ಪಾಠವನ್ನು ನಾವು ಒಂದನ್ನೂ ನೆಡದೆ ಕಲಿತುಬಿಟ್ಟಿದ್ದೇವೆ.

ಬಿಳಿ ಪಟ್ಟೆಯದು ಬೇರೆ ಮಾತು. ಅದಕ್ಕೆ ಬಿಲ್ ಇದೆ, ಬಳಿಯಲೇಬೇಕು. ಪುಸ್ತಕದ ಪ್ರಕಾರ 2.5 ಮಿ.ಮೀ. ದಪ್ಪಕ್ಕೆ ಬಿಸಿ ಥರ್ಮೋಪ್ಲಾಸ್ಟಿಕ್ (ಕರಗಿಸಿ ಬಳಿಯುವ ರಸ್ತೆ ಬಣ್ಣ), ಆರುವ ಮೊದಲೇ ಚದರ ಮೀಟರಿಗೆ 250 ಗ್ರಾಂ ಗಾಜಿನ ಮಣಿ. ಹೆಡ್‌ಲೈಟನ್ನು ಚಾಲಕನ ಕಣ್ಣಿಗೆ ವಾಪಸು ಕಳಿಸುವುದು ಈ ಮಣಿಯೇ. ಅದು ಅರ್ಧಕ್ಕಿಂತ ತುಸು ಹೆಚ್ಚು ಹೂತಿರಬೇಕು. ಬಣ್ಣ ತಣ್ಣಗಾದ ಮೇಲೆ ಎರಚಿದರೆ ಟೈರಿಗೆ ಉದುರುತ್ತದೆ, ತೀರಾ ಬಿಸಿಯಲ್ಲಿ ಎರಚಿದರೆ ಮುಳುಗುತ್ತದೆ. ನಮ್ಮಲ್ಲಿ ಈ ಎರಡೂ ತಾಪತ್ರಯವಿಲ್ಲ, ಮಣಿಯ ಚೀಲವನ್ನೇ ಬಿಚ್ಚುವುದಿಲ್ಲ. ಸಾಹೇಬರು ತಪಾಸಣೆಗೆ ಬರುವುದು ಬೆಳಿಗ್ಗೆ ಹನ್ನೊಂದಕ್ಕೆ; ಆ ಬಿಸಿಲಿಗೆ ಸುಣ್ಣ ಬಳಿದಿದ್ದರೂ ಹೊಳೆಯುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಪಟ್ಟೆಯ ಮೇಲೆ ಬಿಟ್ಟರೆ ಮಣಿ ಇದೆಯೋ ಇಲ್ಲವೋ ತಿಳಿಯುತ್ತದೆ. (ಸೊಂಟದ ಬಳಿ ಹಿಡಿಯಬೇಡಿ, ಬೆಳಕು ಸೊಂಟಕ್ಕೇ ಹಿಂದಿರುಗುತ್ತದೆ.) ಆದರೆ ಅಷ್ಟು ಹೊತ್ತಿಗೆ ಆಫೀಸು ಮುಚ್ಚಿರುತ್ತದೆ.

ತಿರುವಿನ ಹಳದಿ-ಕಪ್ಪು ಬಾಣದ ಫಲಕ ಬಿದ್ದದ್ದನ್ನು ಯಾರೋ ಪುಣ್ಯಾತ್ಮರು ತಲೆಕೆಳಗಾಗಿ ನೆಟ್ಟರೆ ಬಾಣ ಕೆರೆಯ ಕಡೆ ತಿರುಗುತ್ತದೆ. ನೆಟ್ಟಗಿದ್ದರೆ ಮೇಲೊಂದು ಹುಟ್ಟುಹಬ್ಬದ ಫ್ಲೆಕ್ಸ್. ಯುವ ನಾಯಕರು ಎರಡೂ ಕೈ ಮುಗಿದಿರುತ್ತಾರೆ. ತಿರುವು ಎಡಕ್ಕೋ ಬಲಕ್ಕೋ ಅವರೂ ಹೇಳುವುದಿಲ್ಲ.

ಇನ್ನು ಹಂಪು. ರಸ್ತೆಗಳಿಗೆ ಅಳತೆ-ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಲೆಕ್ಕದಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಕಪ್ಪು-ಬಿಳಿ ಪಟ್ಟೆ, 40 ಮೀಟರ್ ಮುಂಚೆ ಎಚ್ಚರಿಕೆ ಫಲಕ. ನಮ್ಮದು ಡಾಂಬರಿನ ದಿಂಡು, ಡಾಂಬರಿನದೇ ಬಣ್ಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಗಾಡಿ ನಿಲ್ಲಲು ಅದೇ ಕಾಂಗ್ರೆಸ್ 80 ಮೀಟರ್ ಕೇಳುತ್ತದೆ. ಡಿಮ್ ಹಾಕಿದ ಲೈಟು ತೋರಿಸುವುದು ಐವತ್ತರ ಆಸುಪಾಸು. ಉಳಿದದ್ದು ಮನೆದೇವರ ಪಾಲು.

ಕಬ್ಬು ಅರೆಯುವ ಕಾಲದಲ್ಲಿ ಟ್ರೇಲರ್‌ಗಳಿಗೆ ಪೊಲೀಸರು ಕ್ಯಾಮೆರಾ ಮುಂದೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಮರುದಿನ ಜೋತುಬಿದ್ದ ಕಬ್ಬು ಅದನ್ನು ಮುಚ್ಚುತ್ತದೆ. ಟ್ರೇಲರ್ ಕೆಟ್ಟು ನಿಂತರೆ ಹಿಂದೆ ಮೂರು ಕಲ್ಲು, ಒಂದು ಹಸಿ ಕೊಂಬೆ. ಹೆಡ್‌ಲೈಟಿಗೆ ಎರಡೂ ಕಪ್ಪೇ. ರಿಪೇರಿಯಾಗಿ ಟ್ರೇಲರ್ ಹೋಗುತ್ತದೆ, ಕೊಂಬೆ ಒಣಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತವೆ. ಮಾರ್ಚ್ 31ರೊಳಗೆ ಅವಕ್ಕೂ ಬಿಳಿ ಬಣ್ಣದ ಅಂದಾಜುಪಟ್ಟಿ ತಯಾರಾದರೆ ಆಶ್ಚರ್ಯವೇನಿಲ್ಲ.