ನಡೆಸಲಿಕ್ಕೂ ಒಬ್ಬ ಕೋಚ್

ಕಬ್ಬನ್ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಈ ಜೋಡಿಗಳ ಪರಿಚಯ ಬೇಕಿಲ್ಲ. ಪ್ರೇಮಿಗಳಲ್ಲ. ಒಬ್ಬರ ಕೊರಳಲ್ಲಿ ಐಡಿ ಕಾರ್ಡ್, ಇನ್ನೊಬ್ಬರ ಮುಖದಲ್ಲಿ ಮಾಸದ ಮುಗುಳ್ನಗೆ. ನಗುತ್ತಿರುವವರು ಕೋಚ್. ಆಟದ ಕೋಚ್ ಅಲ್ಲ, ದೊಡ್ಡ ಹುದ್ದೆಯವರಿಗೆ ಪ್ರಶ್ನೆ ಕೇಳಿ ಕೇಳಿಯೇ ನಾಯಕತ್ವ ಬೆಳೆಸುವವರು. ಕಾರ್ಡಿನವರು ಯಾವುದೋ ಕಂಪನಿಯ ವೈಸ್ ಪ್ರೆಸಿಡೆಂಟ್. ಇಬ್ಬರೂ ದಾರಿಯ ಅಷ್ಟಗಲಕ್ಕೂ ಹರಡಿಕೊಂಡು ನಿಧಾನಕ್ಕೆ ಹೆಜ್ಜೆ ಹಾಕುತ್ತಾರೆ. ಹಿಂದಿನವರು ಎಷ್ಟು ಕೆಮ್ಮಿದರೂ ಅಷ್ಟೇ. ನಾಯಕತ್ವ ಅರಳುತ್ತಿರುವಾಗ ಪಕ್ಕಕ್ಕೆ ಸರಿಯೋಕಾಗುತ್ತಾ?

ಹೀಗೆ ನಡೆಯುತ್ತಾ ಕೋಚಿಂಗ್ ಮಾಡುವುದಕ್ಕೆ ವಿಜ್ಞಾನದ ಬಲವೂ ಇದೆ. ಕೂತವರಿಗಿಂತ ನಡೆಯುವವರಿಗೆ ಹೊಸ ಐಡಿಯಾ ಸರಾಸರಿ ಶೇ. 60ರಷ್ಟು ಜಾಸ್ತಿ ಹೊಳೆಯುತ್ತದೆ ಎಂದು 2014ರಲ್ಲಿ ಸ್ಟ್ಯಾನ್‌ಫರ್ಡ್‌ನವರು ತೋರಿಸಿದರು. ಅದೇ ಪ್ರಯೋಗದಲ್ಲಿ ಖಾಲಿ ಗೋಡೆ ನೋಡುತ್ತಾ ಟ್ರೆಡ್‌ಮಿಲ್ ತುಳಿದವರಿಗೂ ಐಡಿಯಾ ಬಂದಿತ್ತು. ಆದರೆ ಕೋಚಿಂಗ್ ಬ್ರೋಶರಿನಲ್ಲಿ ಗೋಡೆಯ ಫೋಟೊ ಚೆನ್ನಾಗಿ ಕಾಣಲ್ಲ ನೋಡಿ. ಇನ್ನೊಂದು ವಿಷಯ: ಒಂದೇ ಸರಿ ಉತ್ತರವಿರುವ ಪ್ರಶ್ನೆಗಳಿಗೆ ನಡಿಗೆಯಿಂದ ಏನೂ ಲಾಭವಾಗಲಿಲ್ಲ. ಕೋಚಿಂಗಿಗೆ ಅದೇನು ತೊಂದರೆಯಲ್ಲ. ಅಲ್ಲಿ ಉತ್ತರ ಕೊಡುವ ಪದ್ಧತಿಯೇ ಇಲ್ಲ.

"ಟೀಮಿನವರು ಬಿಟ್ಟು ಹೋಗ್ತಿದ್ದಾರೆ."

"ಹೋಗೋದು ಅಂದ್ರೆ ನಿಮಗೆ ಏನನ್ಸುತ್ತೆ?"

ಗುಟ್ಟು ಕಾಪಾಡುವುದು ಈ ವೃತ್ತಿಯ ಮೊದಲ ಧರ್ಮವಂತೆ. ಸೆಂಟ್ರಲ್ ಲೈಬ್ರರಿಯಿಂದ ಬ್ಯಾಂಡ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಯಾರ ಪ್ರಮೋಷನ್ ತಪ್ಪಿತು, ಯಾರ ತಲೆ ಉರುಳಲಿದೆ, ಎಲ್ಲ ನನಗೆ ತಿಳಿದಿತ್ತು. ಕಡಲೆಕಾಯಿ ಮಾರುವವನಿಗೆ ಇನ್ನೂ ಜಾಸ್ತಿ ಗೊತ್ತಿರಬೇಕು.

ಕೋಚ್‌ಗಳ ಅಂತಾರಾಷ್ಟ್ರೀಯ ಒಕ್ಕೂಟದ ಅತಿ ದೊಡ್ಡ ಪದವಿಗೆ 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಬಿದಿರು ಮೆಳೆಯ ಹತ್ತಿರ ದಿನಾ ಕೂರುವ ನಿವೃತ್ತ ರಾಯರು ಅದನ್ನು ಯಾವತ್ತೋ ದಾಟಿದ್ದಾರೆ. ಗುರುತು ಪರಿಚಯ ಇಲ್ಲದವರನ್ನೂ "ಬಾರಪ್ಪಾ, ಯಾಕೆ ಮುಖ ಬಾಡಿದೆ?" ಎಂದು ಕೂರಿಸಿಕೊಳ್ಳುತ್ತಾರೆ. ಸಂಬಳ ಕೇಳುತ್ತಾರೆ, ಮನೆ ಸಾಲ ಕೇಳುತ್ತಾರೆ, ಮದುವೆ ಯಾಕಾಗಿಲ್ಲ ಅಂತಲೂ ಕೇಳುತ್ತಾರೆ. ಆಮೇಲೆ, "ಆ ಕೆಲಸ ಬಿಟ್ಟು ಊರ ಕಡೆ ಹೋಗಿ ಎರಡು ದಿನ ನಿದ್ದೆ ಮಾಡು" ಅನ್ನುತ್ತಾರೆ. ಫೀಸಿಲ್ಲ. ರಾಯರಿಗೆ ಸರ್ಟಿಫಿಕೇಟ್ ಸಿಗದಿರೋದು ಇದಕ್ಕೇ. ಉತ್ತರ ಹೇಳಿಬಿಡ್ತಾರೆ.

ಇರಲಿ, ಸಾಹೇಬರು ನಡೆಯಲಿ. ಮರದ ನೆರಳು ಯಾರಪ್ಪನ ಮನೆಯದೂ ಅಲ್ಲ. ಆದರೆ ಅವರ ಕೈಕೆಳಗೂ ಒಬ್ಬಳು ಹುಡುಗಿ ಇರುತ್ತಾಳಲ್ವಾ? ಅವಳಿಗೆ ಕೋಚ್ ಇಲ್ಲ. ವಾರಕ್ಕೆ 70 ಗಂಟೆ ದುಡಿಯಿರಿ ಎಂಬ ಉಪದೇಶವಿದೆ. ರಾತ್ರಿ ಬಸ್ಸಿಳಿದು ಪಿಜಿವರೆಗೆ ಅವಳೂ ನಡೆಯುತ್ತಾಳೆ. ಫುಟ್‌ಪಾತ್ ಮೇಲೆ ಬೈಕ್ ಹತ್ತುತ್ತದೆ, ನಡುವೆ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ, ಚಪ್ಪಡಿ ಬಾಯಿ ತೆರೆದಿರುತ್ತದೆ. ನೆಟ್ಟಗಿನ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಡೆಯೋದಕ್ಕೆ ಸ್ವಾಮೀ, ಬರೀ ನಡೆಯೋದಕ್ಕೆ! ಹೇಳಿಯೂ ಆಯಿತು, ಚಪ್ಪಡಿ ಹಾಗೇ ಇದೆ.

ಅವಳ ಸೆಷನ್ ರಾತ್ರಿ ಹತ್ತೂವರೆಗೆ, ಮೊಬೈಲ್ ಟಾರ್ಚ್ ಹಿಡಿದು. ಗುರಿ: ಚರಂಡಿಗೆ ಬೀಳದೆ ಗೇಟ್ ಹಾಕೋದರೊಳಗೆ ಪಿಜಿ ಸೇರುವುದು.