ನಕ್ಷತ್ರ ಗುರುತಿನ ದಾನಶೂರರು

ಲೋಕದಲ್ಲಿ ಔದಾರ್ಯ ಬತ್ತಿಹೋಗಿದೆ ಎಂದು ಕೊರಗುವವರು ಒಂದು ಬ್ಲಾಗ್ ತೆರೆಯಲು ಹೊರಡಬೇಕು. ಬ್ಲಾಗಿಗೆ ಅಂತರ್ಜಾಲದಲ್ಲಿ ಜಾಗ ಬಾಡಿಗೆಗೆ ಕೊಡುವ ವೆಬ್ ಹೋಸ್ಟಿಂಗ್ ಕಂಪನಿಗಳ ತಾಣಗಳಲ್ಲಿ ಜಾಗ ಅಪರಿಮಿತ, ಓದುಗರಿಗೆ ಪುಟಗಳನ್ನು ರವಾನಿಸುವ ಬ್ಯಾಂಡ್‌ವಿಡ್ತ್ ಅಪರಿಮಿತ, ಇಮೇಲ್ ಖಾತೆಗಳೂ ಅಪರಿಮಿತ. ಇನ್ನೂ ಒಂದು ಸಾಲನ್ನೂ ಬರೆಯದವನ ಮೇಲೆ ಇಷ್ಟೊಂದು ನಂಬಿಕೆಯನ್ನು ಹೆತ್ತವರೂ ಇಟ್ಟಿರುವುದಿಲ್ಲ.

ಆ ಮಾತಿನ ಪಕ್ಕದಲ್ಲೇ ಒಂದು ಪುಟ್ಟ ನಕ್ಷತ್ರ ಇರುತ್ತದೆ. ಅದರ ಜಾಡು ಹಿಡಿದು ಪುಟದ ತಳಕ್ಕೆ ಇಳಿದರೆ ದಾನದ ಷರತ್ತುಗಳು ಸಿಗುತ್ತವೆ. ಜಾಗಕ್ಕೆ ಮಿತಿಯಿಲ್ಲ, ನಿಜ; ಮಿತಿ ಇರುವುದು ಕಡತಗಳ ಸಂಖ್ಯೆಗೆ. ಪ್ರತಿ ಚಿತ್ರ, ಪ್ರತಿ ಇಮೇಲ್, ಪುಟ ಬೇಗ ತೆರೆಯಲೆಂದು ನಕಲುಗಳನ್ನು ಕೂಡಿಡುವ ಕ್ಯಾಶ್ ಪ್ಲಗಿನ್ ರಾತ್ರೋರಾತ್ರಿ ಹೆತ್ತುಹಾಕುವ ಪ್ರತಿ ಮರಿಕಡತವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಂಡ್‌ವಿಡ್ತ್‌ಗೂ ಮಿತಿಯಿಲ್ಲ, ಆದರೆ ಬರಹ ಅಪ್ಪಿತಪ್ಪಿ ಜನಪ್ರಿಯವಾಗಿ ಓದುಗರು ನುಗ್ಗಿದರೆ, ಸಿಪಿಯು, ಅಂದರೆ ಗಣಕದ ಮಿದುಳಿನ, ಬಳಕೆ ಮೀರಿತೆಂದು ತಾಣದ ವೇಗಕ್ಕೆ ಕಡಿವಾಣ ಬೀಳುತ್ತದೆ. ತಾಣಗಳನ್ನು ಇಟ್ಟುಕೊಳ್ಳುವ ಗಣಕವಾದ ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳನ್ನು ತುಂಬಿದ ಮೇಲೆ ಬೇರೆ ದಾರಿಯೂ ಇಲ್ಲವೆನ್ನಿ. ಯಾರೂ ಬಳಸದೇ ಇರುವವರೆಗೆ ಎಲ್ಲವೂ ಅಪರಿಮಿತ.

ಬೆಲೆಯ ಸಂಗತಿ ಇನ್ನೂ ರಸವತ್ತಾದದ್ದು. ದಪ್ಪ ಅಕ್ಷರದಲ್ಲಿರುವುದು ತಿಂಗಳ ದರ. ಆದರೆ ತಿಂಗಳಿಗೊಮ್ಮೆ ಕಟ್ಟುತ್ತೇನೆ ಎಂದವನಿಗೆ ಆ ದರವಿಲ್ಲ; ಮೂರೋ ನಾಲ್ಕೋ ವರ್ಷದ ಹಣವನ್ನು ಇಡಿಯಾಗಿ ಈಗಲೇ ಎಣಿಸಬೇಕು. ಅಷ್ಟು ಕಾಲ ಬ್ಲಾಗ್ ಬದುಕಿರುತ್ತದೆಯೇ ಎಂದು ಕೇಳುವ ಅಮಂಗಳ ಬುದ್ಧಿ ಯಾರಿಗೂ ಬೇಡ. ದರದ ಪಕ್ಕದಲ್ಲಿ ಅಡ್ಡಗೆರೆ ಎಳೆದ ಇನ್ನೊಂದು ದೊಡ್ಡ ಅಂಕಿ ಇರುತ್ತದಲ್ಲ, ಅದನ್ನು ಎಲ್ಲರೂ ಹಿಂದಿನ ದರವೆಂದು ಭಾವಿಸುತ್ತಾರೆ. ಅದು ಮುಂದಿನ ದರ. ನವೀಕರಣದ ದಿನ ಗೆರೆ ಅಳಿಸಿಕೊಂಡು ಎದ್ದು ಬರುತ್ತದೆ. ರಿಯಾಯಿತಿ ಮುಗಿಯಲು ಹತ್ತೇ ನಿಮಿಷ ಎಂದು ಹೆದರಿಸುವ ಗಡಿಯಾರವೂ ಉಂಟು. ಪುಟವನ್ನು ಮತ್ತೆ ತೆರೆದರೆ ಪಾಪ, ಅದು ಮೊದಲಿನಿಂದ ಓಡಲು ಶುರುಮಾಡುತ್ತದೆ.

ಶೇ. 99.9 ಸಮಯ ತಾಣ ತೆರೆದಿರುತ್ತದೆಂಬ ಭರವಸೆಯನ್ನು ಲೆಕ್ಕ ಹಾಕಿದರೆ, ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಬಾಗಿಲು ಹಾಕಿಕೊಳ್ಳುವ ಹಕ್ಕು ಅವರಿಗೆ ಮೊದಲೇ ದಕ್ಕಿರುತ್ತದೆ. ಪೂರ್ವನಿಗದಿತ ದುರಸ್ತಿಯ ಹೊತ್ತು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ತಾಣಕ್ಕೂ ಓದುಗನಿಗೂ ನಡುವಿನ ಮಾಹಿತಿಯನ್ನು ಗುಟ್ಟಾಗಿಡುವ ಉಚಿತ ಎಸ್‌ಎಸ್‌ಎಲ್ ಪ್ರಮಾಣಪತ್ರವೂ ಉಡುಗೊರೆಗಳ ಪಟ್ಟಿಯಲ್ಲಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದೆ. ಉಸಿರಾಡುವ ಗಾಳಿಯನ್ನು ಪಟ್ಟಿಗೆ ಸೇರಿಸದಿರುವುದು ಕಂಪನಿಗಳ ಸಂಯಮ.

ಗೊಂದಲಕ್ಕೊಳಗಾದವನ ಕೈಹಿಡಿಯಲು ವಿಮರ್ಶಕರಿದ್ದಾರೆ. 'ಅತ್ಯುತ್ತಮ ಹತ್ತು ಹೋಸ್ಟಿಂಗ್ ಸೇವೆಗಳು' ಎಂಬ ಇವರ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೂ ಗಿರಾಕಿಗಳನ್ನು ಕಳಿಸಿದ್ದಕ್ಕೆ ಆ ಕಂಪನಿ ಕೊಡುವ ಕಮಿಷನ್‌ಗೂ ಗಾಢವಾದ ಆಧ್ಯಾತ್ಮಿಕ ಸಂಬಂಧ ಕಂಡುಬರುತ್ತದೆ. ನಿಷ್ಪಕ್ಷಪಾತಕ್ಕೆಂದು ದೋಷಗಳ ಅಂಕಣವೂ ಇರುತ್ತದೆ: ಸಹಾಯವಾಣಿಯವರು ಅತಿ ವಿನಯವಂತರು. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಪಾಲಾದ ಬ್ಲಾಗರ್ ಎಂಬ ಬ್ಲಾಗ್ ಸೇವೆ ಇವತ್ತಿಗೂ ಕಾಸಿಲ್ಲದೆ ಸಿಗುತ್ತದೆ. ಸರಳ ಪುಟಗಳಿಗೆ ಗಿಟ್‌ಹಬ್ ಪೇಜಸ್ ಎಂಬ ಪುಕ್ಕಟೆ ಸೇವೆ ಇದೆ. ಪುಕ್ಕಟೆ ಸರಕಿನಿಂದ ಕಮಿಷನ್ ಹುಟ್ಟುವುದಿಲ್ಲವಾದ್ದರಿಂದ ಅವುಗಳ ಗುಣಮಟ್ಟ ಹನ್ನೊಂದನೆಯ ಸ್ಥಾನಕ್ಕೆ ಕುಸಿದಿದೆ.

ಕೊನೆಗೆ ಹಣ ಕಟ್ಟುವ ಪುಟದಲ್ಲಿ ಬ್ಯಾಕಪ್, ಭದ್ರತೆ, ತ್ವರಿತ ನೆರವು ಎಂದು ಯಾರೋ ಮೊದಲೇ ಟಿಕ್ ಹಾಕಿಟ್ಟ ಚೌಕಗಳನ್ನು ದಾಟಿ ಬಂದವನಿಗೆ ಖಾಲಿ ಪುಟ ಎದುರಾಗುತ್ತದೆ. ಏನು ಬರೆಯಬೇಕೆಂದು ಯೋಚಿಸಿರಲೇ ಇಲ್ಲ. ನಾಲ್ಕು ವರ್ಷದ ಹಣವಂತೂ ಹೇಗಾದರೂ ಹುಟ್ಟಬೇಕು. ಆತ ಮೊದಲ ಬರಹದ ಶೀರ್ಷಿಕೆಯನ್ನು ಟೈಪಿಸುತ್ತಾನೆ: 'ಹೊಸ ಬ್ಲಾಗಿಗರಿಗೆ ಅತ್ಯುತ್ತಮ ಹತ್ತು ಹೋಸ್ಟಿಂಗ್ ಸೇವೆಗಳು.'